39ನೇ ವಯಸ್ಸಿಗೆ ಗಿಟಾರ್ ಕಲಿಯುವ ಆಸೆ, ಯಾವುದು ತಗೊಳ್ಳೋದು?

ಕಾಸರಗೋಡಿನ ನೀರ್ಚಾಲಿನಿಂದ ಕೇಳಿದ್ದು:
ಭಜನೆಗೆ ಹಾರ್ಮೋನಿಯಂ ಬಾರಿಸ್ತೇನೆ, ಗಿಟಾರ್ ಮುಟ್ಟಿಯೂ ಗೊತ್ತಿಲ್ಲ. ಮೊನ್ನೆ ತಮ್ಮನ ಮನೆಯಲ್ಲಿ ಕರೆಂಟ್ ಹೋಗಿತ್ತು, ಅವನ ದೋಸ್ತಿ ಒಬ್ಬರು ಜಗಲಿಯಲ್ಲಿ ಕೂತು ಸುಮ್ಮನೆ ಮೂರ್ನಾಲ್ಕು ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಬಾರಿಸ್ತಾ ಇದ್ದರು, ಹೊರಗೆ ಮಳೆ. ಅವತ್ತಿಂದ ಅದೇ ತಲೆಯಲ್ಲಿ. ಬಜೆಟ್ 10,000. ಆನ್‌ಲೈನಾ, ಮಂಗಳೂರಿಗೆ ಹೋಗೋದಾ? ಗೊತ್ತಿದ್ದವರು ಹೇಳಿ ಮಾರಾಯ್ರೆ.

ಉಪ್ಪಳದಿಂದ:
ಮಂಗಳೂರಿಗೇ ಹೋಗಿ. ಬೆಳಿಗ್ಗಿನ ಟ್ರೈನಲ್ಲಿ ಹೋದರೆ ಆಯ್ತಲ್ಲ. ಮಡಿಲಲ್ಲಿ ಇಟ್ಟು ನೋಡದೆ ತಗೊಳ್ಬೇಡಿ, ಕೆಲವು ಗಿಟಾರ್‌ದು ಹೊಟ್ಟೆ ಎಷ್ಟು ದೊಡ್ಡದು ಅಂದ್ರೆ ಬಲಗೈ ಕಂಕುಳಲ್ಲೇ ನೋವು ಶುರು.

ಪೆರ್ಲದಿಂದ:
ನನಗೆ ಆದದ್ದು ಹೇಳ್ತೇನೆ. ಕಮ್ಮಿಗೆ ಸಿಕ್ಕಿತು ಅಂತ ಆನ್‌ಲೈನಲ್ಲಿ ಒಂದು ತರಿಸಿದ್ದೆ, ನೋಡ್ಲಿಕ್ಕೆ ಎಂತ ಚಂದ ಗೊತ್ತುಂಟಾ, ಆದರೆ ತಂತಿ ಒತ್ತಿದರೆ ಬೆರಳು ಕೊಯ್ದ ಹಾಗೆ, ನನ್ನ ಕೈಯೇ ಸರಿ ಇಲ್ಲ ಅಂದ್ಕೊಂಡು ಒಂದು ವರ್ಷ ಅಟ್ಟದಲ್ಲಿ ಇಟ್ಟೆ. ಆಮೇಲೆ ಚರ್ಚ್ ಕ್ವಯರಲ್ಲಿ ಬಾರಿಸುವ ಒಬ್ಬರು ನೋಡಿ ನಗಾಡಿದರು. ಆಕ್ಷನ್ ಅಂದ್ರೆ ನೆಕ್ಕಿನ (ಉದ್ದ ಕುತ್ತಿಗೆಯ) ಮೇಲಿನ ಲೋಹದ ಅಡ್ಡಪಟ್ಟಿ, ಆ ಫ್ರೆಟ್ಟಿನಿಂದ ತಂತಿ ಎಷ್ಟು ಮೇಲೆ ಉಂಟು ಅನ್ನೋದು, ನನ್ನದರಲ್ಲಿ 12ನೇ ಫ್ರೆಟ್ ಹತ್ತಿರ 4 ಮಿಲಿಮೀಟರ್ ಇತ್ತು, ಸ್ಟೀಲ್ ತಂತಿಗೆ 2ರಿಂದ 2.5 ಸಾಕು. ಅವರು ಹೊಟ್ಟೆ ಮೇಲೆ ತಂತಿ ಕೂರುವ ಆ ಬಿಳಿ ಪಟ್ಟಿ, ಸ್ಯಾಡಲ್ ಹೇಳ್ತಾರಲ್ಲ, ಅದನ್ನು ಹೊರಗೆ ತೆಗೆದು ಅಡಿಭಾಗ ಉಜ್ಜಿ ಉಜ್ಜಿ ತಗ್ಗಿಸಿ, ನೆಕ್ಕಿನ ಬಗ್ಗು ಅಲೆನ್ ಕೀಯಲ್ಲಿ ಸರಿ ಮಾಡಿ, ತಂತಿಯೂ ತೆಳ್ಳಗಿನದ್ದು, 10ರ ಸೆಟ್ ಹಾಕಿ ಕೊಟ್ಟರು. ಅದೇ ಗಿಟಾರ್ ಮಾರಾಯ್ರೆ, ಬೇರೆಯೇ ಆಯ್ತು. ಹಾಗಾಗಿ ಅಂಗಡಿಗೆ ಒಂದು ಸ್ಕೇಲ್ ತಗೊಂಡು ಹೋಗಿ, ನಾಚಿಕೆ ಎಂತದ್ದಕ್ಕೆ.

ಇನ್ನೊಂದು, ಅಂಗಡಿಯವರು ಸಾಲಿಡ್ ಟಾಪ್, ಅಂದ್ರೆ ಮೇಲ್ಭಾಗ ಇಡೀ ಮರದ್ದು, ಅಂತ ಬೆಲೆ ಏರಿಸ್ಲಿಕ್ಕೆ ನೋಡ್ತಾರೆ. ಶಬ್ದ ಒಳ್ಳೇದು ಹೌದು, ಆದರೆ ನಮ್ಮ ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ತದೆ, ತಂತಿ ಕಟ್ಟುವ ಬ್ರಿಜ್ ಮೇಲೆ ಬರ್ತದೆ, ಅದರೊಟ್ಟಿಗೆ ತಂತಿಯೂ. ಆಟಿ ತಿಂಗಳ ಮಳೆಯಲ್ಲಿ ಹಪ್ಪಳದ ಡಬ್ಬಕ್ಕೇ ಗಾಳಿ ಹೋಗುವ ಊರು ನಮ್ಮದು! ಲ್ಯಾಮಿನೇಟ್ ಅಂದ್ರೆ ಪದರ ಅಂಟಿಸಿದ್ದು, ಅದಕ್ಕೆ ಅಷ್ಟು ರಗಳೆ ಇಲ್ಲ. ಯಮಹಾ ಎಫ್310 ಆ ಜಾತಿದೇ, ತುಂಬ ಜನ ಅದರಲ್ಲೇ ಶುರು ಮಾಡಿದವರು. ಗೋಡೆಗೆ ನೇತು ಹಾಕ್ಬೇಡಿ, ಬ್ಯಾಗಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಬಾರಿಸಿ ಆದ ಮೇಲೆ ಬಟ್ಟೆಯಲ್ಲಿ ತಂತಿ ಒರಸಿ, ಇಲ್ಲಾಂದ್ರೆ ತಿಂಗಳೊಳಗೆ ತುಕ್ಕು.

ಮುಳ್ಳೇರಿಯದಿಂದ:
ಬೆರಳು ನೋವಿಗೆ ನೈಲಾನ್ ತಂತಿದ್ದು ನೋಡಬಹುದಲ್ಲಾ? ನಾನು ಕ್ಲಾಸಿಕಲ್ ಗಿಟಾರಲ್ಲೇ ಕಲಿತದ್ದು, ಮೆತ್ತಗೆ ಉಂಟು. ಆದರೆ ನೆಕ್ ಅಗಲ, 52 ಮಿಲಿಮೀಟರ್, ಸ್ಟೀಲ್ ತಂತಿ ಗಿಟಾರಿದ್ದು 43ರ ಹತ್ತಿರ. ಸಣ್ಣ ಕೈಯಾದರೆ ಯೋಚನೆ ಮಾಡಿ. ಮತ್ತೆ ನೈಲಾನಿನ ಗಿಟಾರಿಗೆ ಸ್ಟೀಲ್ ತಂತಿ ಕಟ್ಲೇಬಾರದು, ನಮ್ಮ ಭಾವ ಕಟ್ಟಿ ಬ್ರಿಜ್ ಕಿತ್ತು ಬಂದಿತ್ತು. ಸ್ಟೀಲಿನ ಆರು ತಂತಿ ಸೇರಿ 70 ಕಿಲೋ ಹತ್ತಿರ ಎಳೀತದೆ, ನೈಲಾನ್ 40ರ ಆಸುಪಾಸು.

ಪೆರ್ಲದಿಂದ ಮತ್ತೆ:
ಅವರು ಜಗಲಿಯಲ್ಲಿ ಕೇಳಿದ್ದು ಸ್ಟೀಲಿಂದೇ ಇರ್ಬೇಕು, ಕಿಣಿಕಿಣಿ ಇದ್ದದ್ದಾದರೆ. ನೈಲಾನ್ ತಗೊಂಡ್ರೆ ಆ ಶಬ್ದ ಬರುವುದಿಲ್ಲ, ಮನೆಗೆ ತಂದ ಮೇಲೆ ಬೇಜಾರಾಗ್ತದೆ. ನೋವು ಒಂದು ತಿಂಗಳು, ಬೆರಳ ತುದಿ ಗಟ್ಟಿಯಾಗುವವರೆಗೆ.

ನೀರ್ಚಾಲಿನಿಂದ:
ಹೌದು ಹೌದು, ಕಿಣಿಕಿಣಿಯೇ. ಭಜನೆಗೆ ನಮ್ಮದು ಕರಿ ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಶ್ರುತಿ, ಅದಕ್ಕೆ ಎಂತ ಮಾಡೂದು?

ಉಪ್ಪಳದಿಂದ:
ಕಪೋ ಅಂತ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಒಂದು ಕ್ಲಿಪ್ ಬರ್ತದೆ. ಒಂದನೇ ಫ್ರೆಟ್ಟಿಗೆ ಸಿಕ್ಕಿಸಿ ಸಿ ಕಾರ್ಡ್ ಹಿಡಿದರೆ ಅದೇ ಕರಿ ಒಂದು. ಮೂರನೇದಕ್ಕೆ ಹಾಕಿದ್ರೆ ಕರಿ ಎರಡು. ಹಾರ್ಮೋನಿಯಂ ಗೊತ್ತಿದ್ದವರಿಗೆ ಅದು ಸಲೀಸು, ಎಫ್ ಕಾರ್ಡ್ ಮಾತ್ರ ಅಳಿಸ್ತದೆ ಆಯ್ತಾ.

ನೀರ್ಚಾಲಿನಿಂದ:
ಶನಿವಾರ ಹೋಗ್ತೇನೆ. ಮಗನ ಕಂಪಾಸ್ ಬಾಕ್ಸಿಂದ ಸ್ಕೇಲ್ ಈಗಲೇ ತೆಗೆದಿಟ್ಟೆ, ಅವನು ಹುಡುಕ್ತಾ ಇದ್ದಾನೆ.