ಎಲೆ ‘ಕೊಳೆಯುವುದೋ’, ‘ಕಳಿಯುವುದೋ’?

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನಮ್ಮ ಬಡಾವಣೆಯವರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಉದುರಿದ ಎಲೆ ಸುಡಬೇಡಿ, ಕತ್ತರಿಸಿದ ಹುಲ್ಲಿನ ಜೊತೆ ಬೆರೆಸಿ ಗೊಬ್ಬರ ಮಾಡಿ ಅಂತ ಹೇಳಬೇಕು. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮುಖ್ಯವಾದದ್ದು ಕ್ರಿಯಾಪದ. ‘ಎಲೆ ಕೊಳೆಯಲು ಬಿಡಿ’ ಅಂದರೆ ಓದುವವರಿಗೆ ಮೊದಲು ನೆನಪಾಗುವುದೇ ನಾತ. ನಮ್ಮ ಕಡೆ ರೈತರು ‘ಗೊಬ್ಬರ ಇನ್ನಾ ಕಳತಿಲ್ಲ, ಈಗೇ ಹೊಲಕ್ಕ ಹಾಕಬ್ಯಾಡ್ರಿ’ ಅನ್ನುತ್ತಾರೆ. ಕೃಷಿ ಬರಹಗಳಲ್ಲೂ ‘ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ’ ಅಂತಲೇ ಇರುತ್ತದೆ.

ರಾಶಿಯ ಮುಂದೆ ನಿಂತರೆ ಈ ಎರಡರ ವ್ಯತ್ಯಾಸ ಗೊತ್ತಾಗುತ್ತದೆ. ಹಸಿ ಹುಲ್ಲನ್ನಷ್ಟೇ ಗುಡ್ಡೆ ಹಾಕಿ ನೋಡಿ. ಕೆಲವೇ ದಿನದಲ್ಲಿ ಒಂದಕ್ಕೊಂದು ಅಂಟಿ ಚಾಪೆಯಂತಾಗುತ್ತದೆ. ಒಳಗೆ ಗಾಳಿ ಆಡುವುದಿಲ್ಲ. ಕೈ ಹಾಕಿದರೆ ಲೋಳೆ, ಮೂಗಿಗೆ ಹೊಡೆಯುವ ಘಾಟು. ಇದನ್ನು ನಾನು ಕೊಳೆತದ್ದು ಅನ್ನುತ್ತೇನೆ. ಅದೇ ಹುಲ್ಲಿಗೆ ಎರಡು ಮೂರು ಪಾಲು ಒಣ ಬೇವಿನ ಎಲೆ ಬೆರೆಸಿ. ಮುಷ್ಟಿಯಲ್ಲಿ ಹಿಂಡಿದರೆ ನೀರು ಸೋರಬಾರದು, ಕೈಗೆ ತೇವ ಹತ್ತಬೇಕು, ಅಷ್ಟೇ. ಆಗಾಗ ಮಗುಚಿ ಹಾಕಿ. ಒಂದು ಮೀಟರ್ ಎತ್ತರದ ರಾಶಿಯಾದರೆ ನಡುವಿನ ಕಾವು 55-60 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಕೆಲವು ತಿಂಗಳಿಗೆ ಕಪ್ಪಗಿನ ಪುಡಿ ಸಿಗುತ್ತದೆ, ಎಲೆಯ ಗುರುತೇ ಇರುವುದಿಲ್ಲ. ಇದು ಕಳಿತದ್ದು. ಆದರೆ ‘ಕಳಿತ ಹಣ್ಣು’ ಅಂದಾಗ ಹದ ಮೀರಿದ್ದು ಅನ್ನುವ ಅರ್ಥವೂ ಇದೆ ಅಲ್ವಾ? ಕರಾವಳಿ, ಮೈಸೂರು ಕಡೆಯವರಿಗೆ ‘ಕಳಿತ’ ಅಂದರೆ ಯಾವುದು ಮೊದಲು ಹೊಳೆಯುತ್ತದೆ?

ಇನ್ನೊಂದು: ಇಂಗ್ಲಿಷ್ ಬರಹಗಳಲ್ಲಿ ಇಂಗಾಲ ಜಾಸ್ತಿ ಇರುವ ಒಣ ಎಲೆ ‘ಕಂದು’, ಸಾರಜನಕ ಜಾಸ್ತಿ ಇರುವ ಹುಲ್ಲು ‘ಹಸಿರು’. ಸಗಣಿಯೂ ಹಸಿರಿನ ಲೆಕ್ಕಕ್ಕೇ ಬರುತ್ತದೆ! ಅದೂ ಅಲ್ಲದೆ ‘ಹಸಿರೆಲೆ ಗೊಬ್ಬರ’ ಅಂದರೆ ನಮ್ಮಲ್ಲಿ ಸೆಣಬು, ಡಯಂಚ ಬೆಳೆಸಿ ಮಣ್ಣಿಗೆ ಸೇರಿಸುವುದು. ‘ಒಣದು’, ‘ಹಸಿದು’ ಸಾಕು ಅನ್ನಿಸುತ್ತದೆ. ಹೆಚ್ಚು ಚೆನ್ನಾದದ್ದು ಗೊತ್ತಿದ್ದರೆ ಹೇಳಿ.

‘ಶರತ್ಕಾಲದ ಎಲೆ’ ಅನ್ನುವುದನ್ನಂತೂ ಕೈಬಿಟ್ಟಿದ್ದೇನೆ. ಇಲ್ಲಿ ಬೇವು ಎಲೆ ಉದುರಿಸುವುದು ಫೆಬ್ರುವರಿ-ಮಾರ್ಚಿನಲ್ಲಿ. ಯುಗಾದಿ ಹೊತ್ತಿಗೆ ಚಿಗುರು, ಹೂವು. ಹುಲ್ಲು ಸೊಂಪಾಗಿ ಬರುವುದು ಮಳೆಗಾಲದಲ್ಲಿ. ಹಾಗಾಗಿ ಎಲೆಯನ್ನು ಗೋಣಿಚೀಲದಲ್ಲಿ ತುಂಬಿಟ್ಟು ಹುಲ್ಲಿಗಾಗಿ ಕಾಯಬೇಕು. ಈ ಎಲೆಗೆ ‘ತರಗೆಲೆ’ ಅಂತ ಬರೆದರೆ ನಮ್ಮ ಓಣಿಯಲ್ಲಿ ಎಷ್ಟೋ ಜನಕ್ಕೆ ತಿಳಿಯುವುದಿಲ್ಲ. ‘ಒಣ ತಪ್ಪಲ’ ಅಂದರೆ ತಿಳಿಯುತ್ತದೆ. ಬೀದರ್, ಯಾದಗಿರಿ ಕಡೆಯವರು ಏನಂತೀರಿ?