ಅವೇರ್, ಕಾನ್ಶಸ್, ನೋ, ರಿಯಲೈಸ್: ಯಾವುದನ್ನು ಎಲ್ಲಿ ಹಾಕುವುದು? ಅನುಭವ ಇದ್ದವರು ಹೇಳಿ

ಕೇಳಿದವರು: ಬದಿಯಡ್ಕ ಕಡೆಯ ನರ್ಸ್

ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ತನಕ ಕನ್ನಡ ಮೀಡಿಯಂನಲ್ಲಿ ಓದಿದವಳು. ನರ್ಸಿಂಗ್ ಮುಗಿಸಿ ಈಗ ಆಸ್ಪತ್ರೆಯಲ್ಲಿ ಕೆಲಸ. ಹೊರದೇಶಕ್ಕೆ ಹೋಗಬೇಕು ಅಂತ ಓಇಟಿ ಪರೀಕ್ಷೆಗೆ (ನರ್ಸ್, ಡಾಕ್ಟರ್ ಮುಂತಾದವರ ಇಂಗ್ಲಿಷ್ ಪರೀಕ್ಷೆ) ತಯಾರಿ ಮಾಡುತ್ತಿದ್ದೇನೆ. ಓದುವುದು, ಕೇಳುವುದು ಪರವಾಗಿಲ್ಲ. ಅವರು ಕೊಡುವ ಕೇಸ್ ನೋಟ್ಸ್ ನೋಡಿ ರೋಗಿಯ ಬಗ್ಗೆ ಪತ್ರ ಬರೆಯುವಾಗ ಒಂದೇ ಜಾತಿಯ ಕೆಲವು ಶಬ್ದಗಳಲ್ಲಿ ಸಿಕ್ಕಿ ಬೀಳುತ್ತೇನೆ. ಅವೇರ್, ಕಾನ್ಶಸ್, ಅಲರ್ಟ್, ನೋ (‘ಇಲ್ಲ’ ಅನ್ನುವ ನೋ ಅಲ್ಲ, ‘ಗೊತ್ತು’ ಅನ್ನುವ ನೋ), ನೋಟಿಸ್, ರಿಯಲೈಸ್. ಡಿಕ್ಷನರಿ ತೆಗೆದರೆ ಅರಿವು, ತಿಳಿವಳಿಕೆ, ಪ್ರಜ್ಞೆ, ಎಚ್ಚರ ಅಂತ ಎಲ್ಲದರ ಮುಂದೆಯೂ ಎಲ್ಲವೂ ಇದೆ. ಕೋಚಿಂಗ್‌ನಲ್ಲಿ ಕೆಂಪು ಗೆರೆ ಎಳೆದು ಕೊಡುತ್ತಾರೆ, ಕಾರಣ ಕೇಳಿದರೆ ‘ಅದು ಹಾಗೆಯೇ’ ಅನ್ನುತ್ತಾರೆ. ನಮ್ಮ ಹಾಗೆ ಕನ್ನಡದಿಂದ ಹೋದವರು ಇದನ್ನು ಹೇಗೆ ಕಲಿತಿರಿ?

ಪೆರ್ಲ ಕಡೆಯ ನಿವೃತ್ತ ಮಾಷ್ಟ್ರು

ಮಗಳೇ, ಡಿಕ್ಷನರಿ ಸ್ವಲ್ಪ ಬದಿಗಿಡು. ಅರ್ಥ ನಿನಗೆ ಗೊತ್ತುಂಟು. ತೊಂದರೆ ಇರುವುದು ವಾಕ್ಯ ಕಟ್ಟುವುದರಲ್ಲಿ.

ನಾವು ‘ನನಗೆ ಗೊತ್ತು’ ಅನ್ನುತ್ತೇವೆ. ಅದರಲ್ಲಿ ‘ನಾನು’ ಇಲ್ಲ, ‘ನನಗೆ’ ಇದೆ. ಹವ್ಯಕರ ಮನೆಯಲ್ಲಿ ‘ಎನಗೆ ಗೊಂತಿದ್ದು’, ತುಳುವರಲ್ಲಿ ‘ಎಂಕ್ ಗೊತ್ತುಂಡು’, ಮಲಯಾಳದಲ್ಲಿ ‘ಎನಿಕ್ಕ್ ಅರಿಯಾಂ’. ನಮ್ಮ ಸುತ್ತಮುತ್ತ ಯಾವ ಮಾತು ತೆಗೆದುಕೊಂಡರೂ ವಿಷಯ ಮನುಷ್ಯನ ಹತ್ತಿರ ಬರುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯನೇ ಮುಂದೆ ನಿಲ್ಲಬೇಕು. ಐ ನೋ. ಐ ಆಮ್ ಅವೇರ್. ಐ ರಿಯಲೈಸ್ಡ್.

‘ನನಗೆ ಗೊತ್ತು’ ಅನ್ನುವುದಕ್ಕೆ ಕೊನೆಯಲ್ಲಿ ಕ್ರಿಯಾಪದವೇ ಬೇಡ. ಅದಕ್ಕೇ ನಮ್ಮ ಮಕ್ಕಳು ‘ಐ ನಾಟ್ ಅವೇರ್’ ಅಂತ ಬರೆಯುತ್ತಿದ್ದರು. ಅವೇರ್ ಗುಣವಾಚಕ. ಆಮ್, ಈಸ್, ಆರ್, ವಾಸ್ ಯಾವುದಾದರೂ ಒಂದು ಇಲ್ಲದೆ ಅದು ನಿಲ್ಲುವುದಿಲ್ಲ. ‘ಅವೇರ್ಡ್’ ಅಂತ ಶಬ್ದವೇ ಇಲ್ಲ. ನೋ ಕ್ರಿಯಾಪದ, ಅದಕ್ಕೆ ಆಮ್ ಬೇಡ. ‘ಐ ಆಮ್ ನೋಯಿಂಗ್’ ಅಂತ ಇಂಗ್ ಹಚ್ಚುವುದೂ ಬೇಡ. ತಿಳಿದಿರುವುದು ಈಗ ನಡೆಯುತ್ತಿರುವ ಕೆಲಸ ಅಂತ ಅವರು ಲೆಕ್ಕ ಹಾಕುವುದಿಲ್ಲ.

ಅವೇರ್ ಆದ ಮೇಲೆ ಬರೀ ನಾಮಪದ ಬಂದರೆ ‘ಆಫ್’, ಪೂರ್ತಿ ವಾಕ್ಯ ಬಂದರೆ ‘ದಟ್’. ‘ಶಿ ಈಸ್ ಅವೇರ್ ಆಫ್ ದ ರಿಸ್ಕ್.’ ‘ಶಿ ಈಸ್ ಅವೇರ್ ದಟ್ ಸರ್ಜರಿ ಈಸ್ ರಿಸ್ಕಿ.’ ಎರಡನ್ನೂ ಒಟ್ಟಿಗೆ ಹಾಕಬಾರದು. ‘ಅವೇರ್ ಅಬೌಟ್’ ನಮ್ಮ ದೇಶದಲ್ಲಿ ಧಾರಾಳ ಓಡುತ್ತದೆ. ತಲೆಯಲ್ಲಿ ‘ಬಗ್ಗೆ’ ಇರುತ್ತದೆ, ಅದು ‘ಅಬೌಟ್’ ಆಗಿ ಕೈಗೆ ಇಳಿಯುತ್ತದೆ. ಪರೀಕ್ಷೆಗೆ ‘ಆಫ್’ ಬರೆ. ಅದೇ ‘ಅವೇರ್‌ನೆಸ್’ ಆದರೆ ‘ಅಬೌಟ್’ ಕೂಡ ನಡೆಯುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡ!

ತಾಳವಾಡಿಯಿಂದ ಒಬ್ಬರು

ಅರ್ಥ ಆದ್ರೆ ಸಾಕಲ್ವಾ? ನಮ್ಮ ಕಡೆ ತಮಿಳಿನಲ್ಲೂ ‘ಎನಕ್ಕು ತೆರಿಯುಂ’, ಅಲ್ಲೂ ‘ನನಗೆ’ಯೇ. ಅಂಥವರು ಎಷ್ಟೋ ಜನ ಹೊರದೇಶದಲ್ಲಿ ಆರಾಮಾಗಿ ಕೆಲಸ ಮಾಡುತ್ತಿದ್ದಾರೆ. ಆಫ್, ಅಬೌಟ್ ಅಂತ ಹೆದರಿಸಿದರೆ ಬಾಯಿ ಬಿಡುವುದೇ ನಿಂತುಹೋಗುತ್ತದೆ. ದಿನಾ ಇಂಗ್ಲಿಷ್ ನ್ಯೂಸ್ ಕೇಳಿ, ತಾನಾಗಿ ಬರುತ್ತದೆ.

ಕುಂಬಳೆಯವಳು, ಈಗ ಇಂಗ್ಲೆಂಡಿನಲ್ಲಿ ನರ್ಸ್

ತಾಳವಾಡಿಯ ಅಣ್ಣ ಹೇಳಿದ್ದು ಅರ್ಧ ಸರಿ. ಆಫ್, ಅಬೌಟ್ ತಪ್ಪಿದರೆ ಇಲ್ಲಿ ವಾರ್ಡಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಶಬ್ದವೇ ತಪ್ಪಿದರೆ ಕಷ್ಟ ಉಂಟು. ನ್ಯೂಸ್ ಕೇಳಿ ಅದು ಬರುವುದಿಲ್ಲ.

‘ಡಾಕ್ಟರ್ ಅವೇರ್’ ಅಂತ ನೋಟ್ಸಿನಲ್ಲಿ ಬರೆದು ಸಹಿ ಹಾಕುವುದನ್ನು ಊರಿನಲ್ಲೂ ನೋಡಿದ್ದೇನೆ, ಇಲ್ಲೂ ನೋಡಿದ್ದೇನೆ. ಯಾವ ಡಾಕ್ಟರ್? ಯಾರು ಹೇಳಿದ್ದು? ಎಷ್ಟು ಹೊತ್ತಿಗೆ? ಬಿಪಿ ಎಷ್ಟು ಅಂತ ಹೇಳಿದಿರಾ, ಸುಮ್ನೆ ‘ಕಡಿಮೆ ಉಂಟು’ ಅಂದಿರಾ? ಅವೇರ್ ಇದ್ಯಾವುದನ್ನೂ ಹೇಳುವುದಿಲ್ಲ. ಅದು ಡಾಕ್ಟರ ತಲೆಯೊಳಗಿನ ಸ್ಥಿತಿ, ಅದಕ್ಕೆ ನಾವು ಸಾಕ್ಷಿ ಹೇಳಲಿಕ್ಕೆ ಆಗುವುದಿಲ್ಲ. ನಾವು ಮಾಡಿದ ಕೆಲಸ ‘ಇನ್‌ಫಾರ್ಮ್’. ಹಾಗಾಗಿ ‘ಆನ್-ಕಾಲ್ ಡಾಕ್ಟರ್ ಇನ್‌ಫಾರ್ಮ್ಡ್ ಆಟ್ 14:20, ಬಿಪಿ 85/50’ ಅಂತ ಹೆಸರು ಸಮೇತ ಬರೆಯಬೇಕು. ಅವರು ಏನು ಮಾಡಲು ಹೇಳಿದರು ಅನ್ನುವುದು ಅದರ ಕೆಳಗೆ. ನಾಳೆ ಏನಾದರೂ ಎಡವಟ್ಟಾದರೆ ಕೈ ಹಿಡಿಯುವುದು ಈ ಸಾಲು.

ಹಾಗಂತ ಅವೇರ್ ಬೇಡ ಅಂತಲ್ಲ. ಓಇಟಿ ಪತ್ರದಲ್ಲಿ ಅದಕ್ಕೆ ಒಳ್ಳೆಯ ಜಾಗ ಇದೆ. ‘ಶಿ ಈಸ್ ಅವೇರ್ ಆಫ್ ಹರ್ ಡಯಾಗ್ನೋಸಿಸ್.’ ಕ್ಯಾನ್ಸರ್ ರೋಗಿ ಅಂತ ಇಟ್ಟುಕೊಳ್ಳಿ. ನಮ್ಮೂರಿನಲ್ಲಿ ಮನೆಯವರಿಗೆಲ್ಲ ಗೊತ್ತಿದ್ದು ರೋಗಿಗೆ ಮಾತ್ರ ಹೇಳದೇ ಇರುವುದು ಹೊಸದಲ್ಲ ಅಲ್ವಾ? ಪತ್ರ ಓದುವ ನರ್ಸಿಗೆ ರೋಗಿಯ ಎದುರು ಬಾಯಿ ಬಿಡಬಹುದಾ ಇಲ್ಲವಾ ಅಂತ ಈ ಒಂದು ಸಾಲು ಹೇಳುತ್ತದೆ. ಇಲ್ಲಿ ಯಾರು ಹೇಳಿದರು ಅನ್ನುವುದು ಮುಖ್ಯವಲ್ಲ, ಅವರಿಗೆ ಗೊತ್ತಿದೆಯಾ ಅನ್ನುವುದೇ ಮುಖ್ಯ. 180ರಿಂದ 200 ಶಬ್ದದ ಪತ್ರದಲ್ಲಿ ಇಂಥ ಸಾಲಿಗೆ ಜಾಗ ಕೊಟ್ಟರೆ ನಷ್ಟ ಇಲ್ಲ.

ಇನ್ನು ಕಾನ್ಶಸ್. ‘ಬೋಧ ತಪ್ಪಿತು’ ಅಂತ ನಾವು ಹೇಳುವುದು ಅನ್‌ಕಾನ್ಶಸ್. ಬೋಧ ಉಂಟು ಅಂದರೆ ಕಾನ್ಶಸ್. ಆದರೆ ಬೋಧ ಇದ್ದ ಮಾತ್ರಕ್ಕೆ ಅಲರ್ಟ್ ಅಂತ ಬರೆಯುವ ಹಾಗಿಲ್ಲ. ಇಲ್ಲಿ ನ್ಯೂಸ್-2 ಅಂತ ಚಾರ್ಟ್ ಇದೆ, ರೋಗಿಯ ಸ್ಥಿತಿಗೆ ಅಂಕ ಹಾಕುವುದು, ಅಂಕ ಹೆಚ್ಚಾದಷ್ಟೂ ಅಪಾಯ ಹೆಚ್ಚು; ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನವರು 2017ರಲ್ಲಿ ತಂದದ್ದು. ಅದರಲ್ಲಿ ಎ ಅಂದರೆ ಅಲರ್ಟ್, ವಿ ಅಂದರೆ ಕರೆದರೆ ಓಗೊಡುತ್ತಾರೆ, ಪಿ ಅಂದರೆ ನೋವು ಕೊಟ್ಟರೆ ಮಾತ್ರ, ಯು ಅಂದರೆ ಯಾವುದಕ್ಕೂ ಇಲ್ಲ. ಈ ನಾಲ್ಕು ಹಳೆಯವು. 2017ರಲ್ಲಿ ನಡುವೆ ಸಿ ಸೇರಿಸಿದರು, ಹೊಸದಾಗಿ ಶುರುವಾದ ಗೊಂದಲ. ನಿನ್ನೆ ತನಕ ಸರಿಯಾಗಿ ಮಾತಾಡುತ್ತಿದ್ದ ಅಜ್ಜ ಇವತ್ತು ಎದ್ದು ಕೂತು ‘ಇದು ಯಾವ ಊರು, ನನ್ನ ದನ ಎಲ್ಲಿ’ ಅಂತ ಕೇಳಿದರೆ ಅವರು ಕಾನ್ಶಸ್ ಹೌದು. ಕಣ್ಣೂ ಬಿಟ್ಟಿದ್ದಾರೆ. ಆದರೂ ಎ ಹಾಕುವ ಹಾಗಿಲ್ಲ, ಸಿ ಹಾಕಬೇಕು. ಆ ಒಂದಕ್ಕೇ 3 ಅಂಕ. ಅಂದರೆ ಬೇಗ ಡಾಕ್ಟರನ್ನು ಕರೆಯಿರಿ ಅಂತ.

ಅಲರ್ಟ್ ಕ್ರಿಯಾಪದವೂ ಆಗುತ್ತದೆ. ‘ಅಲರ್ಟ್ ದ ಡಾಕ್ಟರ್’ ಅಂದರೆ ಕೂಡಲೇ ತಿಳಿಸು. ‘ಬಿ ಅಲರ್ಟ್ ಟು ಸೈನ್ಸ್ ಆಫ್ ಇನ್ಫೆಕ್ಷನ್’ ಅಂದರೆ ಇನ್ಫೆಕ್ಷನ್ ಲಕ್ಷಣ ಕಾಣುತ್ತದಾ ಅಂತ ಕಣ್ಣಿಟ್ಟಿರು. ಇಲ್ಲಿ ‘ಟು’, ‘ಆಫ್’ ಅಲ್ಲ.

ನೋ ಅನ್ನುವುದರಿಂದ ಬಂದ ‘ನೋನ್’ ಕೂಡ ನೋಡಿಕೊಳ್ಳಿ. ‘ನೋ ನೋನ್ ಡ್ರಗ್ ಅಲರ್ಜೀಸ್’ ಅಂತ ಬರೆಯುತ್ತೇವಲ್ಲ, ನಡುವಿನ ಆ ನೋನ್ ಬಿಟ್ಟುಬಿಡಬೇಡಿ. ಯಾವ ಮದ್ದಿಗೂ ಅಲರ್ಜಿ ಇಲ್ಲ ಅಂತ ಯಾರೂ ಗ್ಯಾರಂಟಿ ಕೊಡಲಾರರು. ಈವರೆಗೆ ಗೊತ್ತಾದದ್ದು ಯಾವುದೂ ಇಲ್ಲ, ಅಷ್ಟೇ. ನಮ್ಮ ಕೇಸ್ ಶೀಟಿನ ‘ನೋನ್ ಕೇಸ್ ಆಫ್ ಡಯಾಬಿಟಿಸ್’ ಮಾತ್ರ ಊರಲ್ಲೇ ಬಿಟ್ಟು ಬನ್ನಿ. ಪತ್ರದಲ್ಲಿ ‘ಹ್ಯಾಸ್ ಎ ಹಿಸ್ಟರಿ ಆಫ್’ ಅಂತ ಬರೆದರೆ ಚೆಂದ.

ಅಕ್ಕಲಕೋಟೆಯ ಕನ್ನಡ ಶಾಲೆಯ ಮೇಷ್ಟ್ರು

ಮರಾಠಿಯೊಳಗೂ ‘ಮಲಾ ಮಾಹೀತ್ ಆಹೆ’ ನೋಡ್ರಿ, ಅಲ್ಲೂ ‘ನನಗೆ’. ಪೆರ್ಲದ ಸರ್ ಹೇಳಿದ್ದು ಇಲ್ಲಿಗೂ ಹೊಂದುತ್ತದೆ.

ತಂಗಿ, ರಿಯಲೈಸ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ‘ನನಗೆ ರಿಯಲೈಸ್ ಆಯ್ತು’ ಅಂತ ಕನ್ನಡದೊಳಗೇ ಅದನ್ನು ಹಾಕಿಕೊಂಡಿದ್ದೇವೆ. ಅದನ್ನೇ ತಿರುಗಿಸಿ ಹುಡುಗರು ‘ಇಟ್ ರಿಯಲೈಸ್ಡ್ ಟು ಮಿ’ ಅಂತ ಬರೆಯುತ್ತಾರೆ. ‘ಐ ರಿಯಲೈಸ್ಡ್’ ಅಷ್ಟೇ ಸಾಕು.

ನಾನು ಪಾಠ ಮಾಡುವಾಗ ಬಸ್ ಸ್ಟ್ಯಾಂಡ್ ಉದಾಹರಣೆ ಕೊಡುತ್ತೇನೆ. ಕಲಬುರಗಿಗೆ ಹೋಗಬೇಕಿತ್ತು, ಅವಸರದಲ್ಲಿ ಬಸ್ ಹತ್ತಿದಿರಿ. ಬೋರ್ಡ್ ಮರಾಠಿಯಲ್ಲಿ ಇದ್ದದ್ದು ಕಣ್ಣಿಗೆ ಬಿತ್ತು. ಅದು ನೋಟಿಸ್. ಕಣ್ಣು, ಕಿವಿ, ಮೂಗಿಗೆ ಬೀಳುವುದೆಲ್ಲ ನೋಟಿಸ್. ಸ್ವಲ್ಪ ಹೊತ್ತಿಗೆ ‘ಅಯ್ಯೋ, ಇದು ಸೋಲಾಪುರಕ್ಕೆ ಹೊರಟಿದೆ’ ಅಂತ ಹೊಳೆಯಿತು. ಅದು ರಿಯಲೈಸ್. ಬಸ್ ಮೊದಲಿನಿಂದಲೂ ಸೋಲಾಪುರದ್ದೇ, ನಿಮಗೆ ಹೊಳೆದದ್ದು ಈಗ. ಕಂಡಕ್ಟರ್ ಮುಖ ನೋಡಿ ‘ಇವ ನಮ್ಮ ಜತೆ ಓದಿದವನು’ ಅಂತ ಗುರುತು ಹತ್ತಿದರೆ ರೆಕಗ್ನೈಸ್. ಅವನ ಪರಿಚಯ ಇದೆ ಅನ್ನಲಿಕ್ಕೆ ‘ಐ ನೋ ಹಿಮ್’. ಬರೀ ಹೆಸರು ಕೇಳಿ ಗೊತ್ತಿದ್ದರೆ ‘ಐ ನೋ ಆಫ್ ಹಿಮ್’. ‘ಐ ಆಮ್ ಅವೇರ್ ಆಫ್ ಹಿಮ್’ ಅಂದರೆ ಅಂಥವನೊಬ್ಬ ಇದ್ದಾನೆ ಅನ್ನುವುದು ಗೊತ್ತು, ಪರಿಚಯ ಇದೆ ಅಂತಲ್ಲ.

ನೋಟಿಸ್ ಅಂದರೆ ನಮಗೆ ಮೊದಲು ನೆನಪಾಗುವುದು ಬ್ಯಾಂಕಿನಿಂದ ಬರುವ ಕಾಗದ. ಅದು ಬೇರೆ ಸಂಕಟ, ಬಿಡ್ರಿ.

ಆದೋನಿಯಿಂದ, ವಕೀಲರ ಹತ್ತಿರ ಗುಮಾಸ್ತೆ

ತೆಲುಗಿನ ‘ನಾಕು ತೆಲುಸು’ ಕೂಡ ಸೇರಿಸಿಕೊಳ್ಳಿ. ನಮ್ಮ ಕೋರ್ಟಿನಲ್ಲಿ ಇದೇ ಜಾತಿಯ ಇನ್ನೊಂದು ಶಬ್ದ ಓಡಾಡುತ್ತದೆ, ಕಾಗ್ನಿಜನ್ಸ್. ಮ್ಯಾಜಿಸ್ಟ್ರೇಟರು ‘ಕಾಗ್ನಿಜನ್ಸ್’ ತೆಗೆದುಕೊಂಡರು ಅಂದರೆ ಬರೀ ತಿಳಿದುಕೊಂಡರು ಅಂತಲ್ಲ, ಅಪರಾಧವನ್ನು ಕಾನೂನಿನ ಪ್ರಕಾರ ಪರಿಗಣನೆಗೆ ತೆಗೆದುಕೊಂಡರು ಅಂತ. ಕಾಗ್ನಿಜಬಲ್ ಅಪರಾಧ ಅಂದರೆ ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಾದದ್ದು. ಪರೀಕ್ಷೆಯಲ್ಲಿ ದೊಡ್ಡ ಇಂಗ್ಲಿಷ್ ಅಂತ ಇದನ್ನು ಹಾಕಬೇಡಿ ಮೇಡಂ. ರೋಗಿಯ ಮೇಲೆ ಕೇಸ್ ಹಾಕಿದ ಹಾಗೆ ಕಾಣುತ್ತದೆ.

ಪೆರ್ಲ ಕಡೆಯ ಮಾಷ್ಟ್ರು

ಒಂದು ಬಿಟ್ಟುಹೋಯಿತು. ಕಾನ್ಶಸ್, ಕಾನ್ಶೆನ್ಸ್, ಕಾನ್ಶಿಯೆನ್ಶಸ್ ಮೂರೂ ಬೇರೆ. ನಡುವಿನದು ಮನಸ್ಸಾಕ್ಷಿ. ಕೊನೆಯದು ಮನಸ್ಸಿಟ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರಿಗೆ ಹೇಳುವ ಮಾತು. ಕೆಲಸಕ್ಕೆ ಶಿಫಾರಸು ಪತ್ರ ಕೊಡುವವರು ‘ಕಾನ್ಶಿಯೆನ್ಶಸ್ ನರ್ಸ್’ ಅಂತ ಬರೆದರೆ ಹೊಗಳಿಕೆ. ಅವಸರದಲ್ಲಿ ‘ಕಾನ್ಶಸ್ ನರ್ಸ್’ ಅಂತಾದರೆ ಡ್ಯೂಟಿಯಲ್ಲಿ ಬೋಧ ತಪ್ಪಿ ಬೀಳುವುದಿಲ್ಲ ಅಂತ ಅಷ್ಟೇ!

ಇನ್ನೊಂದು, ಕಾನ್ಶಸ್ ಪೇಷಂಟ್ ಅಂತ ಹೇಳಬಹುದು, ‘ಅವೇರ್ ಪೇಷಂಟ್’ ಅಂತ ಹೇಳುವ ರೂಢಿ ಇಲ್ಲ. ಅವೇರ್ ಸಾಮಾನ್ಯವಾಗಿ ಈಸ್, ವಾಸ್ ಆದ ಮೇಲೆಯೇ ಬರುತ್ತದೆ. ಗೇಟಿನಲ್ಲಿ ನಾಯಿಯ ಚಿತ್ರದ ಕೆಳಗೆ ಬರೆದಿರುತ್ತಾರಲ್ಲ, ಆ ‘ಬಿವೇರ್’ ಕೂಡ ಇದೇ ಬೇರಿನದು. ಅದಕ್ಕೆ ‘ಬಿವೇರ್ಡ್’ ಅಂತ ಭೂತಕಾಲ ಇಲ್ಲ.

ಕುಂಬಳೆಯವಳು

ಮಾತಾಡುವ ಪರೀಕ್ಷೆಗೂ ಒಂದು ಮಾತು. ಅಲ್ಲಿ ಎರಡು ರೋಲ್ ಪ್ಲೇ (ಎದುರಿನವರು ರೋಗಿ ಅಥವಾ ಮನೆಯವರ ಪಾತ್ರ, ನೀವು ನರ್ಸ್), ಒಂದೊಂದು ಸುಮಾರು 5 ನಿಮಿಷ. ರೋಗಿಗೆ ಮೊದಲೇ ಏನು ಗೊತ್ತಿದೆ ಅಂತ ಕೇಳಿ ತಿಳಿದುಕೊಂಡಿರಾ ಅನ್ನುವುದನ್ನೂ ನೋಡುತ್ತಾರೆ. ಆಗ ‘ಆರ್ ಯು ಅವೇರ್ ದಟ್ ಯು ಶುಡ್ ನಾಟ್ ಸ್ಮೋಕ್?’ ಅಂತ ಶುರು ಮಾಡಬೇಡಿ. ವ್ಯಾಕರಣ ಸರಿ ಇದೆ. ಕೇಳುವವರಿಗೆ ಮಾತ್ರ ‘ಇಷ್ಟೂ ಗೊತ್ತಿಲ್ಲವಾ’ ಅಂತ ಜೋರು ಮಾಡಿದ ಹಾಗೆ ಆಗುತ್ತದೆ. ‘ವಾಟ್ ಡು ಯು ಆಲ್ರೆಡಿ ನೋ ಅಬೌಟ್ ದಿಸ್?’ ಅಂತ ಮೆಲ್ಲಗೆ ಕೇಳಿ.

ಕೇಳಿದವರು

ಮಾಷ್ಟ್ರಿಗೆ, ಅಕ್ಕನಿಗೆ, ಎಲ್ಲರಿಗೂ ಥ್ಯಾಂಕ್ಸ್. ಕೆಂಪು ಗೆರೆ ಬಿದ್ದ ನನ್ನ ಮೂರು ಸಾಲು ಹಾಕುತ್ತೇನೆ, ನೋಡಿ ಹೇಳ್ತೀರಾ? ‘ಹರ್ ಡಾಟರ್ ಈಸ್ ನಾಟ್ ಅವೇರ್ ಅಬೌಟ್ ಗಿವಿಂಗ್ ಇನ್ಸುಲಿನ್.’ ‘ಐ ಕೇಮ್ ಟು ನೋ ದಟ್ ಶಿ ಸ್ಟಾಪ್ಡ್ ಹರ್ ಟ್ಯಾಬ್ಲೆಟ್ಸ್.’ ‘ಶಿ ಈಸ್ ಕಾನ್ಶಸ್ ಅಬೌಟ್ ಹರ್ ವೆಯ್ಟ್.’

ಕುಂಬಳೆಯವಳು

ಮೊದಲನೆಯದರಲ್ಲಿ ಇನ್ಸುಲಿನ್ ಚುಚ್ಚುವುದು ಕೈಕೆಲಸ. ಕೈಕೆಲಸ ಬರುತ್ತದಾ ಇಲ್ಲವಾ ಅನ್ನುವುದಕ್ಕೆ ಅವೇರ್ ಅಲ್ಲ, ‘ಡಸ್ ನಾಟ್ ನೋ ಹೌ ಟು ಗಿವ್ ಇನ್ಸುಲಿನ್’. ಆಮೇಲೆ ಕಲಿಸಿಕೊಡಿ ಅಂತ ಒಂದು ಸಾಲು ಸೇರಿಸಿ.

ಎರಡನೆಯದು ನಮ್ಮ ದೇಶದ ಇಂಗ್ಲಿಷ್. ತಪ್ಪು ಅಂತ ಹೇಳುವುದಿಲ್ಲ, ಆದರೆ ನಿಮಗೆ ಹೇಗೆ ಗೊತ್ತಾಯಿತು ಅನ್ನುವುದೇ ಇಲ್ಲ. ಮಗಳು ಹೇಳಿದ್ದಾದರೆ ‘ಹರ್ ಡಾಟರ್ ರಿಪೋರ್ಟೆಡ್ ದಟ್ ಶಿ ಹ್ಯಾಡ್ ಸ್ಟಾಪ್ಡ್ ಟೇಕಿಂಗ್ ಹರ್ ಟ್ಯಾಬ್ಲೆಟ್ಸ್’. ಪತ್ರದಲ್ಲಿ ‘ಐ’ ಕಡಿಮೆ ಇದ್ದಷ್ಟೂ ಒಳ್ಳೆಯದು.

ಮೂರನೆಯದಕ್ಕೆ ಕೇಸ್ ನೋಟ್ಸ್ ನೋಡಬೇಕು. ಅವರು ತೂಕ ಇಳಿಸಲು ಊಟ ನೋಡಿ ಮಾಡುತ್ತಿದ್ದಾರಾ, ಇಲ್ಲ ದಪ್ಪ ಅಂತ ನಾಚಿಕೆಯಾ?

ಕೇಳಿದವರು

ನಾಚಿಕೆ ಅಕ್ಕ. ಫಿಸಿಯೋಥೆರಪಿ ಗುಂಪಿನಲ್ಲಿ ಬೇಡ ಅಂದಿದ್ದಾರೆ ಅಂತ ನೋಟ್ಸಿನಲ್ಲಿದೆ.

ಕುಂಬಳೆಯವಳು

ಹಾಗಾದರೆ ‘ಸೆಲ್ಫ್-ಕಾನ್ಶಸ್ ಅಬೌಟ್ ಹರ್ ವೆಯ್ಟ್’. ಸೆಲ್ಫ್ ಸೇರಿಸಿ, ನಿಮ್ಮ ಅಬೌಟ್ ಇಲ್ಲಿ ಹಾಗೇ ಇರಲಿ, ಸರಿಯೇ ಇದೆ. ಗುಂಪಿನ ಫಿಸಿಯೋ ಬೇಡ ಅಂದದ್ದನ್ನು ಅದೇ ವಾಕ್ಯಕ್ಕೆ ಸೇರಿಸಿ, ಒಬ್ಬರಿಗೇ ಬೇರೆ ಸೆಶನ್ ಕೊಡಲು ಆಗುತ್ತದಾ ಅಂತ ಮುಂದಿನ ಸಾಲಿನಲ್ಲಿ ಕೇಳಿ.