ಬಾಡಿಗೆ ಕೊಡ್ತಿಲ್ಲ, ಕೇಳಿದರೆ ಗೋಡೆ ತೇವ ಅಂತಾರೆ: ಏನು ಮಾಡೋದು?

ಕೇಳಿದವರು: ಮನೆ ಮಾಲೀಕರು, ನಿಟ್ಟುವಳ್ಳಿ, ದಾವಣಗೆರೆ

ಕೆಳಗಿನ ಮನೆ ಬಾಡಿಗೆಗೆ ಕೊಟ್ಟಿದ್ದೀವಿ. ತಿಂಗಳಿಗೆ 9,000, ಅಡ್ವಾನ್ಸ್ 50,000. ಹನ್ನೊಂದು ತಿಂಗಳ ಕರಾರು ಮುಗಿದು ವರ್ಷದ ಮೇಲಾಯ್ತು, ಹೊಸದು ಮಾಡಿಸಿಲ್ಲ. ನಾಲ್ಕು ತಿಂಗಳಿಂದ ಬಾಡಿಗೆ ನಿಂತಿದೆ. ಕೇಳಿದರೆ "ಮಲಗೋ ಕೋಣೆ ಗೋಡೆ ತೇವ, ಬಚ್ಚಲು ಸೋರುತ್ತೆ, ಗೋಡೆ ಬಿರುಕು ಬಿಟ್ಟಿದೆ, ಮೊದಲು ಅದು ಸರಿಯಾಗಲಿ" ಅಂತಾರೆ. ಮೇಸ್ತ್ರಿ ಕಳಿಸಿದರೆ ಬಾಗಿಲು ತೆಗೆಯಲ್ಲ. ನಮ್ಮ ಭಾವ "ಫ್ಯೂಸ್ ಕಿತ್ತುಹಾಕು, ತಾನಾಗೇ ಹೋಗ್ತಾರೆ" ಅಂತಾರೆ. ತಿಳಿದವರು ಹೇಳಿ.

ವಕೀಲರ ಕಚೇರಿ ಗುಮಾಸ್ತರು, ದಾವಣಗೆರೆ

ಮೇಡಂ, ಫ್ಯೂಸಿಗೆ ಕೈ ಹಾಕಬೇಡಿ, ಬೀಗವನ್ನೂ ಹಾಕಬೇಡಿ. ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ಅವರು ದಾವೆ ಹಾಕಿ ಸ್ವಾಧೀನ ವಾಪಸ್ ಪಡೀಬಹುದು. ಮನೆ ಯಾರದು ಅನ್ನೋ ಪ್ರಶ್ನೆಯೇ ಅಲ್ಲಿ ಬರಲ್ಲ. ಬಾಕಿ ಕೇಳೋಕೆ ಹೋದವರು ತಡೆಯಾಜ್ಞೆ ಎದುರಿಸೋ ಹಾಗಾಗುತ್ತೆ. ಪೊಲೀಸರೂ ಬಾಡಿಗೆ ವಸೂಲಿ ಮಾಡಿಕೊಡಲ್ಲ, ಮನೆ ಬಿಡಿಸಿಕೊಡಲ್ಲ. ಇದು ಸಿವಿಲ್ ವ್ಯಾಜ್ಯ. ಬೆದರಿಕೆ, ಹೊಡೆದಾಟ ಇದ್ದರೆ ಮಾತ್ರ ಠಾಣೆ.

ಯಾವ ಕಾನೂನು ಅನ್ನೋದು ಮೊದಲು ಖಚಿತವಾಗಲಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಊರಿನ ವರ್ಗದ ಮೇಲೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸಲ್ಲ. ನಿಮ್ಮದು 9,000, ಹಾಗಾಗಿ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಕರಾರು ಮುಗಿದ ಮೇಲೂ ಬಾಡಿಗೆ ತಗೊಂಡಿದ್ದರಿಂದ 116ನೇ ಕಲಂ ಪ್ರಕಾರ ಅದು ತಿಂಗಳಿಂದ ತಿಂಗಳಿಗೆ ನಡೆಯೋ ಬಾಡಿಗೆ. ಬಿಡಿಸೋಕೆ 106ನೇ ಕಲಂನ 15 ದಿನದ ನೋಟಿಸ್ ಸಾಕು. "ಕರಾರೇ ಮುಗಿದಿದೆ, ನೋಟಿಸ್ ಯಾಕೆ" ಅಂತ ನೇರ ದಾವೆ ಹಾಕಿದರೆ ಮೊದಲ ಆಕ್ಷೇಪಣೆಯಲ್ಲೇ ಸಿಕ್ಕಿಹಾಕಿಕೊಳ್ತೀರಿ.

ನೋಟಿಸಿನಲ್ಲಿ ಇರಬೇಕಾದ್ದು: ಮನೆಯ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಬಾಡಿಗೆ ಮೊತ್ತ, ಯಾವ ಯಾವ ತಿಂಗಳ ಬಾಕಿ (ಒಟ್ಟು 36,000 ಅಂತ ಮಾತ್ರ ಬರೆಯಬೇಡಿ, ತಿಂಗಳ ಹೆಸರು ಹಾಕಿ), ಬಾಡಿಗೆ ಸಂಬಂಧ ಕೊನೆಗೊಳಿಸಿದ್ದೇವೆ ಅನ್ನೋ ಸ್ಪಷ್ಟ ವಾಕ್ಯ, ಖಾಲಿ ಮಾಡೋ ದಿನ. "ಬಾಡಿಗೆ ಕೊಡಿ, ಇಲ್ಲವಾದರೆ ಖಾಲಿ ಮಾಡಿ" ಅಂತ ಬರೆದರೆ ಸಂಬಂಧ ಕೊನೆಗೊಳಿಸಿದ್ದೀರೋ ಇಲ್ಲವೋ ಅನ್ನೋದೇ ವಾದವಾಗುತ್ತೆ. ಗಂಡ ಹೆಂಡತಿ ಇಬ್ಬರ ಹೆಸರೂ ಕರಾರಿನಲ್ಲಿದ್ದರೆ ಇಬ್ಬರಿಗೂ ಬೇರೆ ಬೇರೆ ಲಕೋಟೆ.

ದಾವೆಯ ಮೌಲ್ಯ ಕಟ್ಟೋದು ಮನೆ ಬೆಲೆ ಮೇಲಲ್ಲ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯ 41ನೇ ಕಲಂ ಪ್ರಕಾರ ಹಿಂದಿನ ಒಂದು ವರ್ಷದ ಬಾಡಿಗೆ ಮೇಲೆ, ನಿಮಗೆ 1,08,000. ಬಾಕಿ ಹಣದ ಬೇಡಿಕೆಗೆ ಪ್ರತ್ಯೇಕ ಶುಲ್ಕ. ಬಾಕಿ ಕೇಳೋಕೆ ಕಾಲಮಿತಿ ಮೂರು ವರ್ಷ, ಪ್ರತಿ ತಿಂಗಳಿನದೂ ಆಯಾ ತಿಂಗಳಿಂದ ಲೆಕ್ಕ.

ಕಟ್ಟಡ ಗುತ್ತಿಗೆದಾರರು, ಚಿತ್ರದುರ್ಗ

ಕಾಗದದ ಕೆಲಸ ಅವರು ಹೇಳಿದ್ದಾರೆ. ಗೋಡೆ ವಿಷಯ ಬಿಟ್ಟರೆ ಮಾತ್ರ ಸೋಲು ನಿಮ್ಮದೇ, ಯಾಕಂದ್ರೆ ತೇವ ನಿಜವಾಗಿಯೂ ಇರಬಹುದು. ಮೊದಲು ನೀರು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗಬೇಕು.

ನೆಲದಿಂದ ಸುಮಾರು ಮೂರು ಅಡಿವರೆಗೆ ಗೋಡೆ ಉದ್ದಕ್ಕೂ ತೇವ, ಮೇಲೆ ಬಿಳಿ ಉಪ್ಪು ಪುಡಿ, ಬಣ್ಣ ಪದರ ಪದರ ಏಳೋದು: ಇದು ಪಾಯದಿಂದ ಏರಿದ ನೀರು. ಸೈಜುಗಲ್ಲಿನ ಪಾಯದ ಮೇಲೆ ಡಿಪಿಸಿ ಪಟ್ಟಿ (ತೇವ ಮೇಲೇರದಂತೆ ತಡೆಯೋ ಪದರ) ಹಾಕಿಲ್ಲ, ಅಥವಾ ಹೊರಗಡೆ ಅಂಗಳದ ಮಣ್ಣು ಆ ಪಟ್ಟಿಗಿಂತ ಮೇಲೆ ಏರಿದೆ. ಇದಕ್ಕೆ ಬಾಡಿಗೆದಾರರು ಏನೂ ಮಾಡಿಲ್ಲ, ಖರ್ಚು ಮಾಲೀಕರದು.

ಬಚ್ಚಲಿನ ಹಿಂಬದಿ ಗೋಡೆಯಲ್ಲಿ ಮಾತ್ರ ತೇವ ಇದ್ದರೆ ಎರಡು ಪರೀಕ್ಷೆ. ಮೊದಲನೆಯದು ಪೈಪು: ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ, ಮೇಲಿನ ಟ್ಯಾಂಕಿಗೆ ನೀರು ಏರದ ಹಾಗೆ ನೋಡಿಕೊಂಡು ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಇಳಿದಿದ್ದರೆ ಪೈಪ್ ಸೋರ್ತಿದೆ. ಫ್ಲಶ್ ಟ್ಯಾಂಕಿನ ವಾಲ್ವ್ ಮೊದಲು ನೋಡಿ, ಎಷ್ಟೋ ಸಲ ಅದೇ ಕಳ್ಳ. ಎರಡನೆಯದು ನೆಲ: ನಾನಿ ಟ್ರ್ಯಾಪನ್ನು (ಬಚ್ಚಲ ನೆಲದ ನೀರು ಹೋಗೋ ಜಾಲರಿ ತೂತು) ಬಟ್ಟೆ ಕಟ್ಟಿದ ಪ್ಲಾಸ್ಟಿಕ್ಕಿನಿಂದ ಮುಚ್ಚಿ ಒಂದು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಡಿ. ಮಟ್ಟ ಇಳಿದು ಆಚೆ ಗೋಡೆ ಇನ್ನಷ್ಟು ತೇವವಾದರೆ ಟೈಲ್ಸ್ ಸಂದು ಅಥವಾ ಟ್ರ್ಯಾಪಿನ ಸುತ್ತ ದೋಷ.

ಬೀರು ಹಿಂದೆ, ಮೂಲೆಯಲ್ಲಿ, ಒರೆಸಿದರೆ ಹೋಗೋ ಕಪ್ಪು ಬೂಷ್ಟು ಮಾತ್ರ ಇದ್ದರೆ ಅದು ಕಿಟಕಿ ಮುಚ್ಚಿ ಒಳಗೆ ಬಟ್ಟೆ ಒಣಗಿಸಿದ್ದರ ಫಲ. ನಮ್ಮ ಒಣ ಸೀಮೆಯಲ್ಲಿ ಮಳೆಗಾಲ ಬಿಟ್ಟರೆ ಇದು ಕಡಿಮೆ. ಎಲ್ಲ ತೇವಕ್ಕೂ ಇದೇ ಕಾರಣ ಅಂತ ವಾದಿಸಿದರೆ ಯಾರೂ ನಂಬಲ್ಲ.

ಬಿರುಕು: ದಾವಣಗೆರೆ ಸುತ್ತ ಎರೆ ಮಣ್ಣಿರೋ ಕಡೆ ಬೇಸಿಗೆಯಲ್ಲಿ ನೆಲ ಕುಗ್ಗುತ್ತೆ, ಮಳೆಗೆ ಉಬ್ಬುತ್ತೆ. ಕಿಟಕಿ ಮೂಲೆಯಿಂದ ಓರೆಯಾಗಿ ಹೋದ ಬಿರುಕು ಅದರದ್ದು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೀರಿ. ಎರಡು ತಿಂಗಳಲ್ಲಿ ಗೆರೆ ದಾಟಿದರೆ ಮೇಸ್ತ್ರಿ ಸಾಲಲ್ಲ, ಎಂಜಿನಿಯರ್ ಬೇಕು. ಗಾರೆಯ ಮೇಲಿನ ಕೂದಲೆಳೆ ಬಿರುಕಿಗೆ ಗಾಬರಿ ಬೇಡ.

ಪಾಯದ ತೇವಕ್ಕೆ ಪುಟ್ಟಿ ಹಚ್ಚಿ ಬಣ್ಣ ಬಳಿಯೋದು ದುಡ್ಡು ಸುಟ್ಟ ಹಾಗೆ. ಒಳಗಿನ ಉಪ್ಪು ಪುಟ್ಟಿಯನ್ನು ತಳ್ಳಿ ಒಂದೇ ಮಳೆಗಾಲದಲ್ಲಿ ಬೀಳಿಸುತ್ತೆ, ಬಾಡಿಗೆದಾರರಿಗೆ "ನೋಡಿ, ಕಾಟಾಚಾರದ ರಿಪೇರಿ" ಅನ್ನೋಕೆ ಸಾಕ್ಷಿಯೂ ಸಿಗುತ್ತೆ. ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಗಾರೆ ಕಿತ್ತು, ಇಟ್ಟಿಗೆ ಸಂದನ್ನು ಅರ್ಧ ಇಂಚು ಕೆರೆದು, ತಂತಿ ಬ್ರಷ್‌ನಲ್ಲಿ ಉಪ್ಪು ಉಜ್ಜಿ, ಚೆನ್ನಾಗಿ ಒಣಗಲು ಬಿಡಬೇಕು. ಆಮೇಲೆ 1:4 ಸಿಮೆಂಟ್ ಗಾರೆ, 50 ಕೆಜಿ ಚೀಲಕ್ಕೆ ಸಾಮಾನ್ಯವಾಗಿ 200 ಮಿಲಿ ವಾಟರ್‌ಪ್ರೂಫಿಂಗ್ ದ್ರವ (ಡಬ್ಬದ ಮೇಲಿನ ಅಳತೆಯೇ ಕೊನೆ ಮಾತು). ಏಳು ದಿನ ನೀರು ಹಾಕಿ, ಬಣ್ಣಕ್ಕೆ ಕನಿಷ್ಠ ನಾಲ್ಕು ವಾರ ಕಾಯಿರಿ. ಹೊರಗಿನ ಮಣ್ಣು ತಗ್ಗಿಸದೆ ಇದನ್ನೆಲ್ಲ ಮಾಡಿದರೂ ಪ್ರಯೋಜನವಿಲ್ಲ. ಆ ಕೋಣೆ ತಿಂಗಳ ಮೇಲೆ ಬಳಕೆಗೆ ಸಿಗಲ್ಲ ಅನ್ನೋದನ್ನೂ ಮೊದಲೇ ಒಪ್ಪಿಕೊಂಡು ಮಾತಾಡಿ.

ಬಾಡಿಗೆದಾರರ ಪರವಾಗಿ, ವಿದ್ಯಾನಗರ, ದಾವಣಗೆರೆ

ಎರಡನ್ನೂ ಓದಿದ ಮೇಲೆ ಒಂದು ತಿದ್ದುಪಡಿ. ಬಾಡಿಗೆ ಹಿಡಿಯೋಕೆ ಬಾಡಿಗೆದಾರರಿಗೆ ಹಕ್ಕೇ ಇಲ್ಲ ಅಂತ ಅಂದುಕೋಬೇಡಿ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂನ ಎಫ್ ಉಪಖಂಡ ಇದೆ: ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲದಲ್ಲಿ ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ, ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಇಲ್ಲಿ ಅವರು ರಿಪೇರಿಯನ್ನೂ ಮಾಡಿಸಿಲ್ಲ, ಬಿಲ್ಲೂ ಕೊಟ್ಟಿಲ್ಲ, ಪೂರ್ತಿ ಬಾಡಿಗೆ ಹಿಡಿದಿದ್ದಾರೆ. ಅದಕ್ಕೆ ಈ ಉಪಖಂಡ ನೆರವಿಗೆ ಬರಲ್ಲ. "ಮಾಡಲೇಬೇಕಾದ" ಅನ್ನೋದು ನಿಮ್ಮ ಕರಾರಿನ ಮಾತಿನ ಮೇಲೆ ನಿಂತಿದೆ, ಹಳೇ ಕರಾರು ಹುಡುಕಿ ರಿಪೇರಿ ಷರತ್ತು ಓದಿ.

ಅದೇ ಕಲಂನ ಎಂ ಉಪಖಂಡ ನಿಮ್ಮ ಪರ: ಸೂಕ್ತ ಹೊತ್ತಿನಲ್ಲಿ ಮಾಲೀಕರು ಅಥವಾ ಅವರ ಕಡೆಯವರು ಒಳಗೆ ಬಂದು ಪರಿಶೀಲಿಸೋಕೆ ಬಾಡಿಗೆದಾರರು ಬಿಡಬೇಕು. ಆದ್ದರಿಂದ ಬಾಗಿಲು ತಟ್ಟಿ ವಾಪಸ್ ಬರಬೇಡಿ. ಎರಡು ದಿನ ಮುಂಚೆ ವಾಟ್ಸಾಪ್‌ನಲ್ಲಿ "ಶನಿವಾರ ಬೆಳಗ್ಗೆ 10ರಿಂದ 12ರೊಳಗೆ ಮೇಸ್ತ್ರಿ ಬರ್ತಾರೆ, ಆಗದಿದ್ದರೆ ನಿಮಗೆ ಅನುಕೂಲದ ಎರಡು ಸಮಯ ಹೇಳಿ" ಅಂತ ಹಾಕಿ. ಹೀಗೆ ಮೂರು ಸಲ. ಮೂರೂ ನಿರಾಕರಿಸಿದರೆ ರಿಪೇರಿ ತಡವಾಗಿದ್ದು ಯಾರಿಂದ ಅಂತ ಬೇರೆ ಹೇಳಬೇಕಿಲ್ಲ. ಫೋನ್ ಬದಲಿಸಿದರೂ ಹಳೇದನ್ನು ಮಾರಬೇಡಿ. 1 ಜುಲೈ 2024ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಈ ಮೆಸೇಜು, ಫೋಟೋಗಳಿಗೆ ಪ್ರಮಾಣಪತ್ರ ಲಗತ್ತಿಸಬೇಕು, ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ಸಾಲಲ್ಲ.

ಕೇಳಿದವರು

ತುಂಬಾ ಉಪಕಾರ. ಎರಡು ಅನುಮಾನ. ಲಕೋಟೆ ತಗೊಳ್ಳದೆ ವಾಪಸ್ ಕಳಿಸಿದರೆ? ನೋಟಿಸ್ ಆದ ಮೇಲೆ ಫೋನ್ ಪೇನಲ್ಲಿ 9,000 ಹಾಕಿಬಿಟ್ಟರೆ?

ವಕೀಲರ ಕಚೇರಿ ಗುಮಾಸ್ತರು, ದಾವಣಗೆರೆ

ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಮಾಡಿ ಕಳಿಸಿದ್ದು "ನಿರಾಕರಿಸಿದ್ದಾರೆ" ಅಂತ ವಾಪಸ್ ಬಂದರೆ ತಲುಪಿದ ಹಾಗೇ ಲೆಕ್ಕ. ಆ ಲಕೋಟೆ ಒಡೆಯಬೇಡಿ, ಹಾಗೇ ಕೋರ್ಟಿಗೆ ಕೊಡಬೇಕು. ರಶೀದಿಯ ಅಕ್ಷರ ಬಿಸಿಲಿಗೆ ಮಾಸುತ್ತೆ, ಅವತ್ತೇ ಜೆರಾಕ್ಸ್ ಮಾಡಿಸಿ.

ಹಣ ಬಂದರೆ ಗಪ್‌ಚುಪ್ ಇಟ್ಟುಕೊಳ್ಳೋದೇ ದೊಡ್ಡ ತಪ್ಪು. ಅದೇ ಆಸ್ತಿ ವರ್ಗಾವಣೆ ಕಾಯ್ದೆಯ 113ನೇ ಕಲಂ ಪ್ರಕಾರ ಮಾಲೀಕರೇ ನೋಟಿಸ್ ಬಿಟ್ಟುಕೊಟ್ಟರು ಅಂತ ವಾದ ಬರುತ್ತೆ. ಅದೇ ದಿನ ಉತ್ತರಿಸಿ: "ಈ 9,000 ಇಂಥ ತಿಂಗಳ ಬಾಕಿಗೆ ಜಮಾ ಮಾಡಿದೆ, ನೋಟಿಸಿಗೆ ಮತ್ತು ನನ್ನ ಹಕ್ಕುಗಳಿಗೆ ಬಾಧೆ ಇಲ್ಲ."

ಹಾಗೇ ಅಡ್ವಾನ್ಸ್ ಲೆಕ್ಕ ಹಾಕಿ. 50,000ದಲ್ಲಿ 36,000 ಆಗಲೇ ಹೋಗಿದೆ, ಉಳಿದ 14,000 ಎರಡು ತಿಂಗಳಿಗೂ ಬರಲ್ಲ. ಅದಕ್ಕೇ ದಾವೆಗೆ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ, ಖರ್ಚಿಲ್ಲ. ಇಬ್ಬರನ್ನೂ ಕರೆಸುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಡಿಕ್ರಿಯ ಬೆಲೆ, ಮೇಲ್ಮನವಿ ಇಲ್ಲ. ಅವರು ಬರದಿದ್ದರೆ ಮಾತ್ರ ಅಲ್ಲಿ ಬಲವಂತ ನಡೆಯಲ್ಲ, ದಾವೆಯೇ ಗತಿ. ಒಂದು ತಿಂಗಳ ಬಾಡಿಗೆ ಬಿಟ್ಟು ಖಾಲಿ ಮಾಡೋ ತಾರೀಕು ಬರೆಸಿಕೊಂಡರೂ ನಿಮಗೆ ಲಾಭವೇ.

ಕಟ್ಟಡ ಗುತ್ತಿಗೆದಾರರು, ಚಿತ್ರದುರ್ಗ

ಬಿಡೋ ದಿನದ ಕೆಲಸ ಬೇಗ ಹೇಳ್ತೀನಿ. ಹಗಲು ಹೊತ್ತಿನಲ್ಲಿ ಇಬ್ಬರೂ ನಿಂತು ಪ್ರತಿ ಕೋಣೆಯ ವಿಡಿಯೋ ಮಾಡಿ, ಎಲ್ಲ ನಲ್ಲಿ ಬಿಟ್ಟು ನೋಡಿ, ಇಎಲ್‌ಸಿಬಿಯ (ಕರೆಂಟ್ ಸೋರಿದರೆ ತಾನೇ ಬಂದ್ ಆಗೋ ಸ್ವಿಚ್) ಟೆಸ್ಟ್ ಬಟನ್ ಒತ್ತಿ. ಸುಣ್ಣ ಬಣ್ಣಕ್ಕೆ ಪೂರ್ತಿ ಮುರಿಯಬೇಡಿ: ಮೂರು ವರ್ಷ ಬಾಳಿಕೆಯ ಬಣ್ಣ ಎರಡು ವರ್ಷ ಆಗಿದ್ದರೆ ಮೂರನೇ ಒಂದು ಭಾಗ ನ್ಯಾಯ. ಬೋರ್ ನೀರಿನ ಗಡಸಿಗೆ ಗೀಸರ್ ಕಾಯಿಲ್ ಸುಣ್ಣ ಕಟ್ಟೋದು ಸಹಜ ಸವೆತ, ಅದನ್ನು ಅವರ ಲೆಕ್ಕಕ್ಕೆ ಹಾಕಬೇಡಿ. ಬೆಸ್ಕಾಂ ಮೀಟರ್ ರೀಡಿಂಗ್ ಫೋಟೋ ತೆಗೆದು ಕೊನೇ ಬಿಲ್ ಕಟ್ಟಿಸಿ, ಬಾಕಿ ಉಳಿದರೆ ಅದು ನಿಮ್ಮ ಆರ್.ಆರ್. ನಂಬರಿಗೇ ಅಂಟಿಕೊಳ್ಳುತ್ತೆ. ಗೃಹಜ್ಯೋತಿ ಅವರ ಆಧಾರ್‌ಗೆ ಜೋಡಿಸಿದ್ದರೆ ಹೋಗೋ ಮುಂಚೆ ಡಿ-ಲಿಂಕ್ ಮಾಡಿಸಿ, ಇಲ್ಲದಿದ್ದರೆ ಮುಂದೆ ಬರೋರು ನೋಂದಾಯಿಸೋಕೆ ಹೋದಾಗ ತೊಡಕು.